ಸಂಜೆಗೆ ಉಳಿದ ಕೋಳಿಸಾರು

“ಇದನ್ನ ಸಂಜೀತನಕ ಎಲ್ಲಿ ಇಡ್ಲೆಪಾ?”

ಹುಲೆಪ್ಪ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಇದ್ದದ್ದು ಗಡಿಗೆಯೊಂದೇ. ಹೆಂಡತಿ ಚಂದಮ್ಮ ಹಸಿ ಬಾಣಂತಿ. ಎದೆಯಲ್ಲಿ ಹಾಲು ಸಾಲದೆ ಕೂಸು ಅತ್ತತ್ತು ಸೊರಗಿತ್ತು. ಸೂಲಗಿತ್ತಿ ಸಾಬವ್ವ ಮನೆಯಲ್ಲಿದ್ದ ಒಂದೇ ಹುಂಜವನ್ನು ಕೊಯ್ಯಿಸಿ, ಸಾರು ಮಾಡಿ, ಅರ್ಧ ಕುಡಿಸಿದಳು. ಉಳಿದರ್ಧ ಸಂಜೆಗೆ, ಕೆಡಿಸಬೇಡ ಎಂದು ತಾಕೀತು ಮಾಡಿ ಬೇರೆ ಊರಿನ ಹೆರಿಗೆಗೆ ಹೋದಳು. ಯುದ್ಧದ ತುಟ್ಟಿಯ ಕಾಲ. ಇನ್ನೊಂದು ಕೋಳಿ ಎಲ್ಲಿಂದ ಬಂದೀತು? ಅವರೂರು ಕೊಳಕೂರಿನ ಬಿಸಿಲಿಗೋ, ಒಂದು ಭಜನೆಪದ ಹಾಡಿ ಮುಗಿಸುವಷ್ಟರಲ್ಲಿ ಹಾಲು ಒಡೆಯುತ್ತಿತ್ತು.

ನೆಲುವಿಗೆ ಕಟ್ಟು ಎಂದಳು ಪಕ್ಕದ ಮನೆಯ ಮಲ್ಕಮ್ಮ. ಕಟ್ಟಿದ. ಕೆಂಪಿರುವೆಗಳು ದಿಂಡಿ ಯಾತ್ರೆ ಹೊರಟ ಭಕ್ತರಂತೆ ಸಾಲುಗಟ್ಟಿ ಹಗ್ಗ ಇಳಿದವು.

ಒದ್ದೆ ಉಸುಕಿನಲ್ಲಿ ಕೂಡಿಸು ಎಂದ ಎದುರುಮನೆಯ ದಾವಲಸಾಬ. ಕೂಡಿಸಿದ. ಗಡಿಗೆಯೇನೋ ತಂಪಾಯಿತು, ಆ ತಂಪಿಗೆ ಬೆಕ್ಕೂ ಬಂದು, ಮುಚ್ಚಳದ ಮೇಲೆ ಪೀಠ ಏರಿದ ಅಯ್ಯನ ಹಾಗೆ ಕುಳಿತುಬಿಟ್ಟಿತು.

ಕಡೆಗೆ ರೇವಣಪ್ಪ ಮಾಸ್ತರರು, ಆಗಾಗ ಕುದಿಸುತ್ತಿದ್ದರೆ ಸಾರು ಕೆಡುವುದಿಲ್ಲ ಎಂದರು. ಮನೆಯಲ್ಲಿ ಒಲೆ ಹಚ್ಚಿದರೆ ಹೊಗೆಗೆ ಕೂಸು ಕೆಮ್ಮಿತು. ಹುಲೆಪ್ಪ ಗಡಿಗೆ ಹೊತ್ತು ಹೊರಟ. ಯಾರ ಒಲೆ ಉರಿಯುತ್ತಿದೆಯೋ ಅವರ ಮನೆಯಲ್ಲಿ ಒಂದು ಕುದಿ. ಹೋದಲ್ಲೆಲ್ಲ ಮುಚ್ಚಳ ತೆಗೆದು ಇಣುಕಿದರು, ಮೂಸಿದರು, ಬಾಯಿ ಚಪ್ಪರಿಸಿದರು. ಯಾರಾದರೂ ಸೌಟು ಚಾಚಿದರೆ ಹುಲೆಪ್ಪ ಸಿಡುಕಿ ಗಡಿಗೆಯನ್ನು ಎದೆಗೆ ಅವಚಿಕೊಂಡ. ಹೊತ್ತು ಇಳಿಯುವಷ್ಟರಲ್ಲಿ ಕೈ ಸುಟ್ಟಿತ್ತು, ಓಣಿಯೆಲ್ಲ ಮುನಿದಿತ್ತು, ಸಾರು ಮಾತ್ರ ಹೊಸದರಂತಿತ್ತು.

ಸಾಬವ್ವ ಬಂದು ಮೂಸಿ ನೋಡಿ ತಲೆದೂಗಿದಳು. “ಶಾಬಾಸ್ ಹುಲೆಪ್ಪ. ಹ್ಯಾಂಗ ಕಾಯ್ದಿ ಇದನ್ನ?”

ಇಡೀ ದಿನದಲ್ಲಿ ಸಿಕ್ಕ ಮೊದಲ ಒಳ್ಳೆಯ ಮಾತು. ಹುಲೆಪ್ಪ ಉಬ್ಬಿದ. “ಓಣಿ ಮಂದಿಯೆಲ್ಲಾ ಇಣುಕಿ ನೋಡ್ಯಾರ ಯವ್ವಾ. ಬಾಯಾಗ ನೀರು ಬಂತು ಅಂದ್ರು. ಒಬ್ರಿಗೂ ತೊಟ್ಟು ಕೊಡ್ಲಿಲ್ಲ ನಾ.”

ಬಟ್ಟಲು ಹಿಡಿದ ಸಾಬವ್ವನ ಕೈ ಅಲ್ಲೇ ನಿಂತಿತು. “ಅಯ್ಯ ಹುಚ್ಚಪ್ಪಾ, ಇಷ್ಟು ಮಂದಿ ಕಣ್ಣು ಬಿದ್ದ ಸಾರು ಬಾಣಂತಿಗೆ ಹ್ಯಾಂಗ ಕುಡಿಸ್ಲಿ? ಇದ್ದ ಹಾಲೂ ಬತ್ತತದ. ನೋಡಿದವ್ರಿಗೆ ತೊಟ್ಟು ತೊಟ್ಟು ಕೊಟ್ಟಿದ್ರ ಕಣ್ಣು ಅಲ್ಲೇ ಇಳೀತಿತ್ತು.”

ಒಳಗೆ ಕೂಸು ಮತ್ತೆ ಅಳತೊಡಗಿತು. ಹುಲೆಪ್ಪ ಗಡಿಗೆ ಎತ್ತಿಕೊಂಡು ಮಲ್ಕಮ್ಮನ ಬಾಗಿಲಿಗೆ ಓಡಿ, ಸಾಬವ್ವ ಅಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ.

“ಕೈ ಮುಗಿತೇನಿ ಮಲ್ಕಮ್ಮ, ನೀ ಮೊದಲ ಒಂದು ಗುಟುಕು ಕುಡಿ. ನಿನ್ನ ನೋಡಿ ಉಳದವ್ರೂ ಕುಡಿತಾರ.”

ಮಲ್ಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಈಗ ಕುಡುದ್ರ, ಕೆಟ್ಟ ಕಣ್ಣು ನಂದೇ ಅಂತ ಒಪ್ಕೊಂಡಂಗ ಆಗ್ತದ. ನಾ ಒಲ್ಲೆ.”