ಮಾವನ ಸರ್ಪ, ಅತ್ತೆಯ ಮಗ್ಗ

ಗಜೇಂದ್ರಗಡದಲ್ಲಿ ಮೊದಲು ಪವರ್ ಮೆಟಲ್ ಎಂಬ ಪರದೇಶದ ಅಬ್ಬರದ ಸಂಗೀತ ಹಾಡಿದವರು ಯಾರು? ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ, ದೇವರು ದೊಡ್ಡವನು! ಕೇಳಿದ್ದರೆ ನಮ್ಮ ಸೋದರಮಾವನ ಹೆಸರು ಹೊರಬಿದ್ದು, ಮನೆತನದ ಹುಡುಗಿಯರಿಗೆ ವರ ಸಿಗುವುದೇ ಕಷ್ಟವಾಗುತ್ತಿತ್ತು.

ಮಾವನದು ಬಸ್ ಸ್ಟ್ಯಾಂಡಿನ ಹತ್ತಿರ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಊರು ಮೆಲ್ಲಗೆ ಸಿ.ಡಿ.ಗೆ ತಿರುಗುತ್ತಿದ್ದರೂ ಅವನು ಕ್ಯಾಸೆಟ್ ಬಿಟ್ಟಿರಲಿಲ್ಲ. ಒಮ್ಮೆ ಯಾವನೋ ಕಾಲೇಜು ಹುಡುಗ ರಿಪೇರಿಗೆ ತಂದ ಟೇಪಿನಲ್ಲಿ ಪರದೇಶದ ಕ್ಯಾಸೆಟ್ಟೊಂದು ಸಿಕ್ಕಿಕೊಂಡಿತ್ತು. ನಾಗಾಲೋಟದ ಡ್ರಮ್ಮು, ಮುಗಿಲು ಹರಿಯುವ ದನಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಕಥೆ: ರಾಜಕುಮಾರ, ಕತ್ತಿ, ಬೆಂಕಿ ಉಗುಳುವ ಸರ್ಪ! ಇಂಗ್ಲಿಷ್ ಬಾರದ ಮಾವನಿಗೆ ಇಷ್ಟೆಲ್ಲ ತಿಳಿದದ್ದು ಹೇಗೆ? ಕವರಿನ ಮೇಲಿನ ಚಿತ್ರ ನೋಡಿ!

"ಇಂಥಾದ್ದ ನಮ್ಮ ಗುಡ್ಡದ ಮ್ಯಾಲಿನ ಕೋಟೆ ಇಟಗೊಂಡು ನಾನೂ ಒಂದು ಮಾಡಾಂವ, ಅಳಿಯಾ" ಎಂದ.

ಬುಲ್‌ಬುಲ್ ತರಂಗಕ್ಕೆ ಮೈಕಿನ ತಂತಿ ಹಚ್ಚಿ ಅದನ್ನೇ ಗಿಟಾರ್ ಎಂದು ಕರೆದ. ತಗಡಿನ ಟ್ರಂಕು ಮಾಡುವ ರಾಜೇಸಾಬ ಡ್ರಮ್ಮಿಗೆ ಕುಳಿತ. ಹಾಡುವವನು ಮಾವನೇ. ಅವನು ದನಿ ಎತ್ತಿದ ಮೊದಲ ದಿನವೇ ಓಣಿಯ ನಾಯಿಗಳು ರಾಜೂರಿನ ದಾರಿ ಹಿಡಿದವು.

ನಮ್ಮ ಕಡೆ ನಾಟಕದ ನಡುವೆ ಯಾರಾದರೂ ಆಯೇರಿ, ಅಂದರೆ ಉಡುಗೊರೆ, ಕೊಟ್ಟರೆ ಆಟ ನಿಲ್ಲಿಸಿ ಹೆಸರು ಕೂಗಬೇಕಲ್ಲವೇ? ಮಾವ ಆ ಪದ್ಧತಿಯನ್ನೂ ಬಿಡಲಿಲ್ಲ. ರಾಜಕುಮಾರ ಸರ್ಪದ ಮೇಲೆ ಕತ್ತಿ ಎತ್ತುತ್ತಾನೆ, ಅಷ್ಟರಲ್ಲಿ ಹಾಡು ನಿಲ್ಲುತ್ತದೆ: "ಪುರ್ತಗೇರಿಯ ಅಭಿಮಾನಿಗಳೊಬ್ಬರು ಕಲಾವಿದರಿಗೆ ಒಂದು ಚೀಲ ಕಡ್ಲಿ ಆಯೇರಿ ಮಾಡ್ಯಾರ. ಅವರಿಗೆ ಅನಂತ ಧನ್ಯವಾದಗಳು!" ಅಲ್ಲಿಯವರೆಗೂ ಸರ್ಪ ಬಾಯಿ ತೆರೆದು ಕಾಯಬೇಕು.

ದೊಡ್ಡ ತೊಂದರೆ ಅತ್ತೆಯ ಮಗ್ಗ. ರೆಕಾರ್ಡಿಂಗ್ ನಡೆಯುವ ಮನೆಯ ಪಡಸಾಲೆಯಲ್ಲೇ, ಕಾಲು ಇಳಿಬಿಟ್ಟು ತುಳಿಯುವ ಅದರ ಕುಣಿ. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಟಕ್!

"ಒಂದ ತಾಸು ಮಗ್ಗ ನಿಂದರಸ. ಸರ್ಪ ಸಾಯೂದೈತಿ" ಎಂದು ಮಾವ ಬೇಡಿಕೊಂಡ.

"ನಿಮ್ಮ ಸರ್ಪ ನಾಳಿ ಸಾಯಲಿ ಬಿಡ್ರಿ. ನನ್ನ ಸೀರಿ ಇವತ್ತ ಮುಗೀಬೇಕು!"

ಒಂದು ದಿನ ಅತ್ತೆ ಮದುವೆಗೆಂದು ನರೇಗಲ್ಲಿಗೆ ಹೋದಳು. ಇದೇ ಸುಸಂಧಿ ಎಂದು ಕುಳಿತರೆ, ಆ ಮೌನದಲ್ಲಿ ರಾಜೇಸಾಬನ ತಾಳ ದಿಕ್ಕಾಪಾಲಾಯಿತು. "ಅಕ್ಕಾರ ಮಗ್ಗ ಇಲ್ಲಂದ್ರ ನನ್ನ ಕೈ ನಡಿಯಂಗಿಲ್ರಿ, ಅಣ್ಣಾರ" ಎಂದುಬಿಟ್ಟ. ಮರುದಿನ ಅತ್ತೆ ತಿರುಗಿ ಬಂದೊಡನೆ ಮಾವನೇ ನೇಯು ಎಂದು ಕೈಮುಗಿದ.

"ನೇಯ್ತೀನಿ. ಆದ್ರ ಚಾ ನೀವ ಮಾಡಬೇಕು."

ಅಂತೂ ಕ್ಯಾಸೆಟ್ ಹೊರಬಂತು. ಮಾವ ಊರಿಗೆಲ್ಲ ಪುಕ್ಕಟೆ ಹಂಚಿದ. ವಾರದೊಳಗೆ ಎಲ್ಲರೂ ತಿರುಗಿ ಅಂಗಡಿಗೆ ಬಂದರು. ಅಭಿನಂದಿಸಲು ಅಂದುಕೊಂಡಿರಾ? ಅದರ ಮೇಲೆ ಬೇರೆ ಹಾಡು ತುಂಬಿಸಿಕೊಳ್ಳಲು!

ಮುಂದೆ ಕೆಲವು ವರ್ಷಕ್ಕೆ ಅತ್ತೆಯ ಮೊಣಕಾಲು ಕೈಕೊಟ್ಟವು. ಇನ್ನು ಮಗ್ಗದ ಕುಣಿಗೆ ಇಳಿಯಬಾರದು ಎಂದು ರೋಣದಲ್ಲಿ ಡಾಕ್ಟರು ಹೇಳಿದರು. ಮಗ್ಗ ಬಿಚ್ಚಿದ ದಿನದಿಂದ ಅತ್ತೆ ಮಾತು ಬಿಟ್ಟಳು. ಊಟಕ್ಕೂ ಏಳಲಿಲ್ಲ. ಮಾವ ಹೆದರಿದ. ಒಂದು ಸಂಜೆ ಕ್ಯಾಸೆಟ್ ಹಿಡಿದು ನನ್ನ ಹತ್ತಿರ ಬಂದ.

"ನಿನ್ನ ಕಂಪ್ಯೂಟರಿನ್ಯಾಗ ಇದರಾಗಿನ ನನ್ನ ದನಿ ತಗದು, ಬರೇ ಮಗ್ಗದ್ದ ಉಳಸಾಕ ಬರತೈತೇನಪಾ?"

ಮೊದಲ ಬಾರಿಗೆ ಅವನ ಮಾತಿಗೆ ನನಗೆ ನಗು ಬರಲಿಲ್ಲ. "ಬರಂಗಿಲ್ಲ ಮಾಮಾ, ಎಲ್ಲಾ ಕೂಡೇ ತುಂಬೇತಿ" ಎಂದೆ.

ಇಬ್ಬರೂ ಅವರ ಮನೆಗೆ ಹೋಗಿ ಇದ್ದದ್ದನ್ನೇ ಹಚ್ಚಿದೆವು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ಸರ್ಪ ಬೆಂಕಿ ಉಗುಳಿತು, ಮಾವ ಕಿರುಚಿದ, ಅದರಡಿಯಲ್ಲಿ ಮಗ್ಗ ತನ್ನ ಪಾಡಿಗೆ ನಡೆದಿತ್ತು. ಅತ್ತೆಯ ಪಾದ ಮೆಲ್ಲಗೆ ನೆಲ ತುಳಿಯತೊಡಗಿತು. ಒಂದು ಕಡೆ ಮಗ್ಗದ ಸಪ್ಪಳ ನಿಂತಿತು. ಅತ್ತೆ ತಟ್ಟನೆ ಕೈ ಚಾಚಿ ಗಾಳಿಯಲ್ಲಿ ಬೆರಳು ಹೊಸೆದಳು.

"ಇಲ್ಲಿ ಎಳಿ ಹರದಿತ್ರಿ" ಎಂದಳು. "ಗಂಟ ಹಾಕಿ ಮತ್ತ ಶುರು ಮಾಡಿದ್ನಿ."

ಟೇಪಿನಲ್ಲಿ ಮಗ್ಗ ಮತ್ತೆ ಶುರುವಾಯಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ? ಮಾವ ಮಾತ್ರ ಕಣ್ಣೊರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಓಡಿಹೋಗಿ ಟೇಪಿನ ದನಿ ಇನ್ನಷ್ಟು ಏರಿಸಿದ.