ಗಾಡಿ ತಗೊಂಡ ಅಮರೇಶ

ಅಮರೇಶ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಶಿವಾನಿ, ಗಾಡಿ ತಗೊಂಡು ಬರಾಕತ್ತೀನಿ. ಅವ್ವನ್ನ ಕೆಳಗ ಕರ್ಕೊಂಡು ಬಾ." ಅಷ್ಟರಲ್ಲಿ ತುಮಕೂರು ರಸ್ತೆಯ ಸಿಗ್ನಲ್ ಹಸಿರಾಯಿತೆಂದು ಫೋನ್ ಇಟ್ಟುಬಿಟ್ಟ. ಇನ್ನೊಂದು ಅರ್ಧ ನಿಮಿಷ ಮಾತಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶೋರೂಮಿನಿಂದ ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಯತನಕ ತರುತ್ತಿದ್ದೇನೆ, ಅವ್ವ ಒಮ್ಮೆ ಹತ್ತಿ ಇಳಿದು ನೋಡಲಿ ಎನ್ನುವುದು ಅವನ ಮಾತಿನ ಅರ್ಥ. ಗಂಡ ಕೊನೆಗೂ ಕಾರು ಕೊಂಡ ಎನ್ನುವುದು ಶಿವಾನಿಗೆ ಕೇಳಿಸಿದ ಅರ್ಥ. ತಪ್ಪು ಇಬ್ಬರದ್ದೂ ಅಲ್ಲ. ತರುವುದಕ್ಕೂ ಕೊಳ್ಳುವುದಕ್ಕೂ ಸೇರಿಸಿ 'ತಗೊಂಡು' ಎಂಬ ಒಂದೇ ಮಾತನ್ನು ಇಟ್ಟುಕೊಂಡು ಸಂಸಾರ ಮಾಡುವ ಜನ ನಾವು.

ಅಲ್ಲದೆ ಆ ಮನೆ ಎರಡು ವರ್ಷದಿಂದ ಅದೇ ಮಾತಿಗಾಗಿ ಕಾದು ಕೂತಿತ್ತು. ಅಮರೇಶ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳೆಯದೆ ಯಾವುದನ್ನೂ ಒಪ್ಪಿಕೊಳ್ಳುವ ಮನುಷ್ಯನಲ್ಲ. ಪ್ಯಾಂಟಿನ ಜೇಬಿನಲ್ಲಿ ಕರ್ಚೀಫು ಇರದ ದಿನ ಉಂಟು, ಟೇಪು ಇರದ ದಿನವಿಲ್ಲ. ಇದುವರೆಗೆ ಹನ್ನೊಂದು ಗಾಡಿಗಳನ್ನು ಟೆಸ್ಟ್ ಡ್ರೈವ್ ಮಾಡಿ ಹನ್ನೊಂದನ್ನೂ ರಿಜೆಕ್ಟ್ ಮಾಡಿದ್ದ. ತುಮಕೂರು ರಸ್ತೆಯ ಕೆಲವು ಶೋರೂಮುಗಳಲ್ಲಿ ಅವನನ್ನು ಕಂಡರೆ ಸೇಲ್ಸ್‌ನವರು ಊಟಕ್ಕೆ ಎದ್ದುಹೋಗುತ್ತಿದ್ದರು, ಬೆಳಗಿನ ಹತ್ತೂವರೆಯಾಗಿದ್ದರೂ.

ಆದರೆ ಈ ಅಳತೆಗೊಂದು ಕಾರಣವಿತ್ತು. ತಾಯಿ ಸಿದ್ದಮ್ಮನ ಮೊಣಕಾಲು. ಮನೆಯಲ್ಲಿದ್ದ ಹಳೆಯ ಸಣ್ಣ ಕಾರಿಗೆ ಹತ್ತುವುದೆಂದರೆ ಅವಳಿಗೆ ಬಾವಿಗೆ ಇಳಿದಂತೆ. ಆರು ತಿಂಗಳ ಹಿಂದೆ ಡಾಕ್ಟರ ಹತ್ತಿರ ಹೋದಾಗ ಸೀಟಿನಿಂದ ಏಳಲಾಗದೆ, ಇಬ್ಬರು ಸೆಕ್ಯುರಿಟಿಯವರು ಸೇರಿ ಅವಳನ್ನು ಹೊರಗೆಳೆದಿದ್ದರು. ಅಲ್ಲಿ ಎಲ್ಲರ ಜೊತೆ ತಾನೂ ನಕ್ಕಳು. ಮನೆಗೆ ಬಂದ ಮೇಲೆ "ಇನ್ನ ನಾ ಎಲ್ಲಿಗೂ ಬರೂದಿಲ್ಲಪಾ" ಎಂದವಳು ನಾಲ್ಕನೇ ಮಹಡಿ ಬಿಟ್ಟು ಇಳಿದಿರಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಹೊಸದಾಗಿ ನಾಗಸಂದ್ರದವರೆಗೆ ಬಂದಿದ್ದ ಮೆಟ್ರೊ ರೈಲುಗಳನ್ನು ಎಣಿಸುತ್ತ ಕೂರುತ್ತಿದ್ದಳು. ಅಮರೇಶ ಅದನ್ನು ದಿನವೂ ನೋಡುತ್ತಿದ್ದ. ಒಂದು ದಿನ ಅವಳು ನಿದ್ದೆಹೋದಾಗ ಆ ಕುರ್ಚಿಯ ಎತ್ತರ ಅಳೆದುಕೊಂಡ. ಕಾರಿನ ಹಾಗೆ ಕುಸಿಯಬಾರದು, ಜೀಪಿನ ಹಾಗೆ ಏರಿಸಬಾರದು, ಎರಡರ ನಡುವಿನದೊಂದು ಗಾಡಿ ಬೇಕು.

ಈ ಶನಿವಾರ ಶೋರೂಮಿನಲ್ಲಿ ಟೇಪು ಹಿಡಿದಾಗ, ಸೀಟಿನ ಎತ್ತರಕ್ಕೂ ಕುರ್ಚಿಯ ಎತ್ತರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. "ಅವ್ವ ಒಂದ್ಸಲ ಕೂತು ನೋಡ್ಲಿ, ಆಮೇಲೆ ಬುಕ್ ಮಾಡ್ತೀನಿ" ಎಂದ. ಸೇಲ್ಸ್‌ನ ಭಾನುಪ್ರಕಾಶ್, "ಹನ್ನೆರಡಕ್ಕೆ ಇನ್ನೊಬ್ರು ಕಸ್ಟಮರ್ ಇದಾರೆ ಸಾರ್, ಅಷ್ಟ್ರಲ್ಲಿ ವಾಪಸ್ ಬಂದ್ಬಿಡೋಣ" ಎನ್ನುತ್ತ ಪಕ್ಕದಲ್ಲಿ ಕೂತ.

ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ತೆವಳಿ ಅಪಾರ್ಟ್‌ಮೆಂಟಿನ ಗೇಟಿಗೆ ತಿರುಗುತ್ತಲೇ ಅಮರೇಶನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗೇಟಿನಲ್ಲಿ ರಂಗೋಲಿ. ರಂಗೋಲಿಯ ಹಿಂದೆ ಇಳಕಲ್ ಸೀರೆ ಉಟ್ಟ ಶಿವಾನಿ, ಕೈಯಲ್ಲಿ ಆರತಿ ತಟ್ಟೆ. ಅವಳ ಹಿಂದೆ ಅರ್ಧ ಅಪಾರ್ಟ್‌ಮೆಂಟು, ಎಲ್ಲರ ಬಾಯಲ್ಲೂ ಪೇಡಾ. ಎಲ್ಲರಿಗಿಂತ ಮುಂದೆ ಬೂದುಗುಂಬಳಕಾಯಿ ಹೊತ್ತ ಮುನಿಯಣ್ಣ.

ಮುನಿಯಣ್ಣನೆಂದರೆ ಆ ಜಾಗದ ಮೂಲಪುರುಷ. ಅಪಾರ್ಟ್‌ಮೆಂಟು ಎದ್ದ ನೆಲ ಒಂದು ಕಾಲಕ್ಕೆ ಅವನ ರಾಗಿಹೊಲ. ಹೊಲ ಕೊಟ್ಟು ಎರಡು ಫ್ಲ್ಯಾಟು ಪಡೆದು, ಮುಂದಿನ ಅಂಗಡಿಯಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸುತ್ತ ಕೂತಿದ್ದ. ನಾಗಸಂದ್ರದ ಆಟೋ, ಟೆಂಪೊಗಳ ಹಿಂದೆ ಹೊಳೆಯುವ ದೇವರು, ಮಕ್ಕಳು, ತಂದೆತಾಯಿ ಎಲ್ಲರೂ ಅವನ ಕತ್ತರಿಯಿಂದಲೇ ಹುಟ್ಟಿದವರು.

"ಏನ್ ಸಾ ನೀವು! ಗಾಡಿ ತಕಂಡ್ಬುಟ್ಟು ಒಂದ್ ಮಾತ್ ಯೋಳ್ಬಾರ್ದಾ?" ಎಂದ ಮುನಿಯಣ್ಣ.

"ಅಲ್ಲ ಮುನಿಯಣ್ಣ, ಇದು..."

"ಮೊದ್ಲು ನಿಂಬೆಹಣ್ ಮ್ಯಾಲೆ ಹತ್ಸಿ ಸಾ, ಮಾತು ಆಮ್ಯಾಕೆ!"

ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಆಗಲೇ ಕೂತಿದ್ದವು. ಹಿಂದಿನಿಂದ ಹಾಲಿನ ವ್ಯಾನು ಹಾರ್ನ್ ಹೊಡೆಯಿತು. ಅಮರೇಶ ಗಾಡಿ ಮುಂದೆ ಬಿಟ್ಟ, ನಿಂಬೆಹಣ್ಣು ಪಚಕ್ ಎಂದವು, ಚಪ್ಪಾಳೆ ಬಿತ್ತು. ಇಳಿದು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಇದು ಟೆಸ್ಟ್ ಡ್ರೈವ್ ಗಾಡಿ, ಮಾರಾಯ್ತಿ" ಎಂದ.

ಶಿವಾನಿಯ ಕೈಯ ಆರತಿ ಓರೆಯಾಯಿತು. "ಮೂವತ್ತಾರು ಮನಿಗೆ ಪೇಡಾ ಹಂಚೀನಿ! ಈಗ ಬಾಯಿ ಬಿಟ್ರ ನೋಡ್ರಿ ಮತ್ತ. ಅತ್ತಿ ಮಾರಿ ನೋಡ್ರಿ ಅಲ್ಲೆ."

ಲಿಫ್ಟಿನಿಂದ ಸಿದ್ದಮ್ಮ ಬರುತ್ತಿದ್ದಳು. ಆರು ತಿಂಗಳಾದ ಮೇಲೆ ಮೊದಲ ಸಲ ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ಗಾಡಿಯ ಹತ್ತಿರ ಬಂದು ಅನುಮಾನದಿಂದ ಸೀಟು ನೋಡಿದಳು. ತಿರುಗಿ ಕೂತಳು. ಬಾಗಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ, ಬಾಲ್ಕನಿಯ ಕುರ್ಚಿಯಲ್ಲಿ ಕೂತ ಹಾಗೆ ಕೂತುಬಿಟ್ಟಳು. ಕೂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸುತ್ತ ನಿಂತವರಿಗೆಲ್ಲ ಹೇಳಿದಳು: "ನನ್ನ ಮಗ ನನ್ನ ಮೊಣಕಾಲು ಅಳದು ಗಾಡಿ ತಗೊಂಡಾನ ನೋಡ್ರವ್ವಾ."

ಅಮರೇಶನ ಬಾಯಿಗೆ ಬಂದಿದ್ದ ಸತ್ಯ ಹೊಟ್ಟೆಗೆ ವಾಪಸ್ಸಾಯಿತು.

ಆಮೇಲೆ ನಡೆದುದನ್ನು ಯಾರೂ ತಡೆಯುವಂತಿರಲಿಲ್ಲ. ಬಾನೆಟ್ಟಿನ ಮೇಲೆ ಸಿದ್ದಮ್ಮನ ಕಡೆಯಿಂದ ಮೂರೆಳೆ ವಿಭೂತಿ, ಮುನಿಯಣ್ಣನ ಕಡೆಯಿಂದ ಅಂಗೈ ಅಗಲದ ಕುಂಕುಮ. ಕುಂಬಳಕಾಯಿ ಒಡೆದ ರಭಸಕ್ಕೆ ಬೀಜಗಳು ಬಾಗಿಲಿಗೆ ಅಂಟಿದವು. ಬಿಳಿ ಷರಟಿನ ಭಾನುಪ್ರಕಾಶ್ ಕೈ ಕೈ ಹಿಸುಕಿಕೊಳ್ಳುತ್ತ ಸುತ್ತುತ್ತಿದ್ದ. "ಸಾರ್, ಕುಂಕುಮ ಬೇಡ ಸಾರ್, ಪೇಂಟ್ ಹೋಗತ್ತೆ..."

"ಏನಪ್ಪಾ ಡ್ರೈವರು, ಪೂಜೆ ಟೈಮಲ್ಲಿ ಅಡ್ಡ ಬರ್ತೀಯಾ?" ಎಂದು ಗದರಿದ ಮುನಿಯಣ್ಣ, ಮರುಗಳಿಗೆ ದನಿ ತಗ್ಗಿಸಿ, "ಸಂಬ್ಳ ಎಷ್ಟು ಮಾತಾಡೌರೆ?" ಎಂದು ಕೇಳಿದ.

"ನಾನು ಡ್ರೈವರ್ ಅಲ್ಲ ಸಾರ್, ಸೇಲ್ಸು!"

"ಮೊದಮೊದ್ಲು ಎಲ್ರೂ ಅಂಗೇ ಯೋಳೋದು."

ಸಿದ್ದಮ್ಮ ಅವನನ್ನು ಕರೆದು ಕೈಗೆ ಎರಡು ಪೇಡಾ ಇಟ್ಟಳು. "ಸಾವಕಾಶ ಓಡ್ಸು ತಮ್ಮಾ. ಎಳೆ ಹುಡುಗ ಅದೀ."

ಅಷ್ಟರಲ್ಲಿ ಮುನಿಯಣ್ಣ ಗಾಡಿಯ ಹಿಂದೆ ಹೋಗಿದ್ದ. "ಇದೇನ್ ಸಾ ಇದು? ಗ್ಲಾಸ್ ಮ್ಯಾಲೆ ಟೆಸ್ಟ್ ಡ್ರೈವ್ ಅಂತ ಬರ್ದೌರೆ!"

 ಇನ್ನು ಮುಗಿಯಿತು ಎಂದುಕೊಂಡ ಅಮರೇಶ. ಒಂದು ಲೆಕ್ಕಕ್ಕೆ ಹಗುರವೂ ಆಯಿತು.

"ಗಾಡಿ ಮಾರಿದ್ಮೇಲೂ ಕೀಳ್ದೆ ಕಳ್ಸೌರಲ್ಲ, ಸೋಮಾರಿ ನನ್ಮಕ್ಳು!" ಎಂದು ಮುನಿಯಣ್ಣ ಜೇಬಿನಿಂದ ಬ್ಲೇಡು ತೆಗೆದು, ಹಪ್ಪಳ ಬಿಡಿಸುವಷ್ಟು ಸಲೀಸಾಗಿ ಅದನ್ನು ಕಿತ್ತೆಸೆದ. ಆ ಜಾಗಕ್ಕೆ ಸುದ್ದಿ ಕೇಳುತ್ತಲೇ ಕೂತು ಕತ್ತರಿಸಿದ್ದ ತನ್ನ ಉಡುಗೊರೆಯನ್ನು ಅಂಟಿಸಿದ. ಗಾಜಿನ ಈ ಕೊನೆಯಿಂದ ಆ ಕೊನೆಯವರೆಗೆ, ಕೆಂಪು ರೇಡಿಯಂನಲ್ಲಿ, ಎರಡು ಕಡೆ ಹೂಬಳ್ಳಿಯ ನಡುವೆ: 'ಸಿದ್ದಮ್ಮನ ಆಶೀರ್ವಾದ'. ಮೂಲೆಯಲ್ಲಿ ಸಣ್ಣದಾಗಿ ಅವನ ಅಂಗಡಿಯ ಹೆಸರು, ಫೋನ್ ನಂಬರು.

"ಇದು... ಕಿತ್ತು ಬರತ್ತಾ?" ಎಂದು ಭಾನುಪ್ರಕಾಶ್ ಅಳುವ ದನಿಯಲ್ಲಿ ಕೇಳಿದ.

ಮುನಿಯಣ್ಣನಿಗೆ ಅವಮಾನವಾಯಿತು. "ನಾನ್ ಅಂಟ್ಸಿದ್ದು ಇವತ್ಗಂಟ ಕಿತ್ ಬಂದಿಲ್ಲ. ಗಾಡಿ ಗುಜ್ರಿಗೋಗ್ತೈತೆ, ಹೆಸ್ರು ಓಗಲ್ಲ."

ಹನ್ನೊಂದೂವರೆಗೆ ಅಮರೇಶ ಹೇಗೋ ಬಿಡಿಸಿಕೊಂಡ. ನಂಬರ್ ಪ್ಲೇಟ್ ಹಾಕಿಸಬೇಕು, ಶೋರೂಮಿಗೆ ಬಿಟ್ಟು ಬರುತ್ತೇನೆ ಎಂದು ತಾಯಿಗೆ ಸುಳ್ಳು ಹೇಳಿದ. ಸಿದ್ದಮ್ಮ ಇಳಿಯಲು ಮನಸ್ಸಿಲ್ಲದೆ ಇಳಿದಳು. "ಸಂಜೀಕ ಬರ್ತೈತಿ ಹೌದಿಲ್ಲೋ? ಗುಡಿಗೆ ಹೋಗೂಣು. ಆರು ತಿಂಗಳಾತು ದೇವರ ಮಾರಿ ನೋಡಿ."

"ಬರ್ತೈತವ್ವಾ" ಎಂದುಬಿಟ್ಟ ಅಮರೇಶ. ಹುಟ್ಟಿದಾಗಿನಿಂದ ತಾಯಿಗೆ ಕೊಟ್ಟ ಮಾತು ತಪ್ಪಿದವನಲ್ಲ. ಇವತ್ತು ಅದೂ ಆಗುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಶೋರೂಮಿನ ಮ್ಯಾನೇಜರ್ ಧನಲಕ್ಷ್ಮಿ ಗಾಡಿಯನ್ನು ಒಂದು ಸುತ್ತು ಬಂದಳು. ಹಿಂಬದಿಯಲ್ಲಿ ನಿಂತು ಓದಿದಳು. ಬಾಗಿಲಿನ ಮೇಲಿದ್ದ ಒಂದು ಕುಂಬಳದ ಬೀಜವನ್ನು ಎರಡು ಬೆರಳಲ್ಲಿ ಎತ್ತಿ, "ಸಾರ್, ಇದು ಡೆಮೊ ಗಾಡಿ" ಎಂದಳು.

"ನಾನೇ ತಗೊಳ್ತೀನಿ ಮೇಡಂ. ಇದನ್ನೇ ಕೊಡಿ, ಇವತ್ತೇ ಕೊಡಿ." ಚೌಕಾಸಿ ಇಲ್ಲ, ಟೇಪಿಲ್ಲ. ಅಮರೇಶನಿಗೇ ತನ್ನ ದನಿಯ ಗುರುತು ಸಿಗಲಿಲ್ಲ.

"ಡೆಮೊ ಗಾಡಿ ಮಾರೋ ಹಾಗಿಲ್ಲ ಸಾರ್, ಹೆಡ್ ಆಫೀಸ್ ರೂಲ್ಸು. ಹೊಸದು ಬುಕ್ ಮಾಡಿ. ಎಂಟು ತಿಂಗಳು ವೇಟಿಂಗ್ ಇದೆ."

ಕೈಮುಗಿದ, ತಾಯಿಯ ಮೊಣಕಾಲಿನ ಕತೆ ಹೇಳಿದ. ಧನಲಕ್ಷ್ಮಿಯ ಕಣ್ಣು ಒದ್ದೆಯಾಯಿತು, ರೂಲ್ಸು ಒದ್ದೆಯಾಗಲಿಲ್ಲ. ಆದ ಅನಾಹುತಕ್ಕೆ ನಾಚಿ ಅಮರೇಶ ಬುಕಿಂಗ್ ಫಾರಂಗೆ ಸಹಿ ಹಾಕಿದ. ಹೊರಗೆ ಭಾನುಪ್ರಕಾಶ್ ಬಿಸಿನೀರು, ಸೋಪು, ಸೀಮೆಎಣ್ಣೆ ಎಲ್ಲವನ್ನೂ ಮುಗಿಸಿ ಈಗ ಉಗುರಿನಿಂದ ಕೆರೆಯುತ್ತಿದ್ದ. 'ಆಶೀರ್ವಾದ'ದ ಒಂದು ಒತ್ತಕ್ಷರವೂ ಅಲ್ಲಾಡಿರಲಿಲ್ಲ.

ಮಧ್ಯಾಹ್ನವೆಲ್ಲ ಅಮರೇಶ ಟ್ರಾವೆಲ್ಸಿನಿಂದ ಟ್ರಾವೆಲ್ಸಿಗೆ ಅಲೆದ. ಅಂಥದೇ ಗಾಡಿ, ಅದೇ ಬಣ್ಣ, ಒಂದು ಸಂಜೆಗೆ ಬಾಡಿಗೆಗೆ ಬೇಕೆಂದ. ಮೂರು ಕಡೆಯೂ ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್ ತೋರಿಸಿದರು. ಕೊನೆಗೆ ಪೀಣ್ಯದಲ್ಲಿ ಮೆಟ್ರೊ ಹತ್ತಿ, ನಿಜ ಹೇಳುವುದನ್ನು ಅಭ್ಯಾಸ ಮಾಡಿದ. "ಅವ್ವಾ, ಅದು ನಮ್ಮ ಗಾಡಿ ಅಲ್ಲ" ಎಂದು ಮೆಲ್ಲಗೆ ಹೇಳಿ ನೋಡಿದ. ಪಕ್ಕದಲ್ಲಿದ್ದವನು ಎದ್ದು ಬೇರೆ ಕಡೆ ಹೋಗಿ ನಿಂತ.

ನಾಗಸಂದ್ರದಲ್ಲಿ ಇಳಿದು ಮನೆಯ ತಿರುವಿಗೆ ಬಂದರೆ, ಗೇಟಿನ ಮುಂದೆ ಅದೇ ಗಾಡಿ! ಅದೇ ವಿಭೂತಿ, ಅದೇ ಕುಂಕುಮ. ಮುಂದಿನ ಸೀಟಿನಲ್ಲಿ ಹೊಸ ಸೀರೆಯುಟ್ಟ ಸಿದ್ದಮ್ಮ. ಸುತ್ತ ಮತ್ತೆ ಅರ್ಧ ಅಪಾರ್ಟ್‌ಮೆಂಟು. ಮುನಿಯಣ್ಣ ಬೆರಳಲ್ಲಿ ಕೀ ತಿರುಗಿಸುತ್ತ ನಿಂತಿದ್ದ.

"ಗಾಡಿ ತಕಂಡೆ ಸಾ."

ಆ ಮಾತು ಕೇಳಿದರೇ ಅಮರೇಶ ಬೆಚ್ಚುವಂತಾಗಿತ್ತು. "ತಕಂಡೆ ಅಂದ್ರೆ? ಇಲ್ಲಿಗೆ ತಗೊಂಡು ಬಂದ್ರಾ, ಇಲ್ಲ ತಗೊಂಡೇಬಿಟ್ರಾ?"

"ಎರಡೂನುವೇ! ಆ ಡ್ರೈವರ್ ಫೋನ್ ಮಾಡಿದ್ದ ಸಾ, ಸ್ಟಿಕ್ಕರ್‌ನಾಗೆ ನಂಬರ್ ಇತ್ತಲ್ಲ. ಬಂದ್ ಕಿತ್ಕೊಡಿ ಅಂದ, ಅಲ್ಲಿಗೋದೆ. ವಿಷ್ಯ ಎಲ್ಲಾ ಅಲ್ಲೇ ಗೊತ್ತಾಯ್ತು. ಬ್ಲೇಡ್ ಇಡ್ಕಂಡೆ, ಆದ್ರೆ ತಾಯಿ ಹೆಸ್ರು ಸಾ, ಕೀಳಕ್ಕೆ ಕೈ ಬರ್ಲಿಲ್ಲ. ಪೂಜೆ ಬ್ಯಾರೆ ಆಗೋಗೈತೆ. ಕೀಳೋದ್ಯಾಕೆ, ದುಡ್ಡು ಕೊಡ್ತೀನಿ, ಗಾಡಿನೇ ನಂಗೆ ಕೊಟ್ಬುಡಿ ಅಂದೆ."

"ಡೆಮೊ ಗಾಡಿ ಮಾರಲ್ಲ ಅಂದ್ರಲ್ಲ! ಹೆಡ್ ಆಫೀಸ್ ರೂಲ್ಸು..."

"ನಂಗೂ ಅಂಗೇ ಅಂದ್ರು. ಶೋರೂಮ್ ನಿಂತಿರೋ ಜಾಗ ನಮ್ ಚಿಕ್ಕಪ್ಪಂದು ಸಾ. ಒಂದ್ ಫೋನ್ ಮಾಡ್ಸ್ದೆ, ಅಷ್ಟೇ."

ಗುಂಪಿನಲ್ಲಿದ್ದ ಎರಡನೇ ಮಹಡಿಯ ಬಸಮ್ಮ, "ಹಂಗಾದ್ರೆ ಬೆಳಗ್ಗೆ ನಾವು ತಿಂದ ಪೇಡಾ ಯಾರದು?" ಎಂದು ಕೇಳಿದಳು. ಶಿವಾನಿ ಸೆರಗಿನ ಅಂಚು ಅಳೆಯುವವಳಂತೆ ತಲೆ ತಗ್ಗಿಸಿದಳು. ಅಮರೇಶ ಕಿಟಕಿಯ ಬಳಿ ಹೋಗಿ, ರೈಲಿನಲ್ಲಿ ಅಭ್ಯಾಸ ಮಾಡಿದ್ದನ್ನು ಒಪ್ಪಿಸತೊಡಗಿದ. "ಅವ್ವಾ, ಅದು..."

"ಎಲ್ಲಾ ಹೇಳ್ಯಾನ ಮುನಿಯಣ್ಣ" ಎಂದಳು ಸಿದ್ದಮ್ಮ. "ಯಾರದಾದ್ರ ಏನಪಾ, ಸೀಟು ಅದ ಐತಿ. ಹತ್ತು ಲಗೂನ, ಗುಡಿ ಬಾಗಲ ಹಾಕ್ತಾರ."

"ನಾನು ಹತ್ತೋದಾ?"

"ಊಂ ಸಾ" ಎಂದು ಮುನಿಯಣ್ಣ ಕೀಯನ್ನು ಅವನ ಅಂಗೈಗೆ ಹಾಕಿದ. "ನಂಗೆ ಓಡ್ಸಕ್ಕೆ ಬರಾಕಿಲ್ಲ. ಮೊಪೆಡ್ ಬಿಟ್ರೆ ಬ್ಯಾರೆ ಮುಟ್ದೋನಲ್ಲ. ಇಲ್ಗೂ ಆ ಡ್ರೈವರೇ ತಂದ್ಬುಟ್ಟೋದ. ಕಲ್ಯಕ್ಕೆ ಒಂದ್ ಎಂಟ್ ತಿಂಗ್ಳಾಯ್ತದೆ ಅಂದ್ಕಳಿ. ಅಲ್ಲೀಗಂಟ ನೀವೇ..."

ಮಾದನಾಯಕನಹಳ್ಳಿಯ ಈಶ್ವರನ ಗುಡಿಯವರೆಗೆ ಸಿದ್ದಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕಂಡ ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಹಿಂದಿನ ಸೀಟಿನಲ್ಲಿ ಶಿವಾನಿಯ ಪಕ್ಕ ಕೂತ ಮುನಿಯಣ್ಣ "ಗೇರ್ ಮೆತ್ಗೆ ಸಾ, ಹಂಪು ಐತೆ ನೋಡ್ಕಳಿ" ಎನ್ನುತ್ತಲೇ ಬಂದ. ಅಮರೇಶ ತಾಯಿಯ ಮುಖ ನೋಡಿ ಸಂತೋಷಪಟ್ಟ, ಕನ್ನಡಿಯಲ್ಲಿ ಮುನಿಯಣ್ಣನ ಮುಖ ನೋಡಿ ಹಲ್ಲು ಕಡಿದ.

ಗುಡಿಯ ಮುಂದೆ ನಿಲ್ಲಿಸುತ್ತಲೇ ಮುನಿಯಣ್ಣನ ನಂಟ ಲಕ್ಷ್ಮಯ್ಯ ಓಡಿಬಂದು ಗಾಡಿಯನ್ನೊಮ್ಮೆ ಸವರಿದ. ಸ್ಟಿಯರಿಂಗ್ ಹಿಡಿದು ಕೂತಿದ್ದ ಅಮರೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಎಲಾ ಮುನಿಯಣ್ಣ, ಗಾಡಿ ಜೊತ್ಗೆ ಡ್ರೈವರ್ನೂ ಇಟ್ಕಂಬುಟ್ಯಾ? ಸಂಬ್ಳ ಎಷ್ಟ್ ಮಾತಾಡಿದ್ಯಾ?"

ಮುನಿಯಣ್ಣ ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಸಿದ್ದಮ್ಮ ಬಾಗಿಲು ತೆಗೆದು, ಯಾರ ಕೈಯನ್ನೂ ಹಿಡಿಯದೆ, ತನ್ನ ಪಾಡಿಗೆ ತಾನು ಇಳಿದು ನಿಂತಳು.

"ಸಂಬಳ ಇಲ್ಲಪಾ ಅವಗ" ಎಂದಳು. "ಬರೇ ನನ್ನ ಆಶೀರ್ವಾದ. ಹಿಂದ ಬರದಾರ ನೋಡು."