ಅತ್ತೆಗೆ ಓದಿ ಹೇಳಿದ ಕೊಲೆ

ದೇವರ ನಾಮ ಓದಬೇಕಾದ ವಯಸ್ಸಿನಲ್ಲಿ ನಾನು ಕೊಲೆ ಓದುತ್ತೇನೆ. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ನಮ್ಮ ಬಿಲ್ಡಿಂಗಿನ ಭಜನೆಯ ಹೆಂಗಸರು ಕೇಳಿದರೂ ಹೇಳುತ್ತೇನೆ: ದೇವರ ಕಥೆಯಲ್ಲಿ ಕಡೆಗೆ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಗೊತ್ತು, ಕೋರ್ಟಿನ ಕಥೆಯಲ್ಲಿ ಗೊತ್ತಿರುವುದಿಲ್ಲ. ಅದೂ ಎಲ್ಲರ ಕೊಲೆ ನನಗೆ ಆಗುವುದಿಲ್ಲ. ವಕೀಲರೊಬ್ಬರು ಬರೆಯುತ್ತಾರೆ, ಅವರದ್ದೇ ಆಗಬೇಕು. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ವಕೀಲ ಸಾಹೇಬರು ಎಂದರೆ ಸಾಕು.

ನಾನು ಕಲಿತದ್ದು ನಾಲ್ಕನೇ ಕ್ಲಾಸು, ಉಡುಪಿ ಕಡೆಯ ಒಂದು ಶಾಲೆಯಲ್ಲಿ. ಮದುವೆಯಾಗಿ ಮರಾಠಿ ಸೀಮೆಯ ಡೊಂಬಿವ್ಲಿಗೆ ಬಂದ ಮೇಲೂ ಅಕ್ಷರ ಮರೆಯದೆ ಉಳಿದದ್ದು ನಮ್ಮ ಯಜಮಾನರ ಹೋಟೆಲಿನ ದೆಸೆಯಿಂದ. ಪಾರ್ಸೆಲ್ ಕಟ್ಟಲು ರದ್ದಿ ಬರುತ್ತಿತ್ತು, ಅದರಲ್ಲಿ ನಮ್ಮ ಕಡೆಯವರು ಓದಿ ಮಾರಿದ ಕನ್ನಡ ವಾರಪತ್ರಿಕೆಗಳೂ ಇರುತ್ತಿದ್ದವು. ಸಾಹೇಬರ ಧಾರಾವಾಹಿ ನನಗೆ ಸಿಕ್ಕಿದ್ದು ಹಾಗೆ. ಒಂದು ವಾರದ ಹಾಳೆ ಸಿಕ್ಕಿದರೆ ಮುಂದಿನ ವಾರದ್ದರಲ್ಲಿ ಯಾರೋ ವಡೆ ಕಟ್ಟಿಸಿಕೊಂಡು ಹೋಗಿರುತ್ತಿದ್ದರು. ಆರೋಪಿಗೆ ಗಲ್ಲಾಯಿತೋ ಬಿಡುಗಡೆಯಾಯಿತೋ ತಿಳಿಯದೆ ಎಷ್ಟೋ ದಿನ ಚಟ್ನಿ ರುಬ್ಬಿದ್ದೇನೆ. ಮಗ ದೊಡ್ಡವನಾಗಿ ಕನ್ನಡ ಸಂಘದ ಲೈಬ್ರರಿಗೆ ಮೆಂಬರ್ ಮಾಡಿಸಿದ ಮೇಲೆಯೇ ಕಥೆಗಳಿಗೆ ಕೊನೆ ಇರುತ್ತದೆ ಎಂದು ಗೊತ್ತಾದದ್ದು.

ಸಾಹೇಬರ ವಕೀಲ ಮೇಜು ಗುದ್ದುವುದಿಲ್ಲ, ನನಗೆ ಹಿಡಿಸಿದ್ದು ಅದೇ. ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾನೆ. ಆ ದಿನ ಹಾಲು ಯಾರು ತಂದರು, ಪಾತ್ರೆ ಯಾರು ತೊಳೆದರು, ಬಾಗಿಲಿಗೆ ಚಿಲಕ ಹಾಕಿತ್ತೋ ಇಲ್ಲವೋ. ಸಾಕ್ಷಿ ಇದೇನು ಮಹಾ ಎಂದು ಉತ್ತರ ಕೊಡುತ್ತಾ ಕೊಡುತ್ತಾ, ನೋಡಿದರೆ ಗುಂಡಿಗೆ ಬಿದ್ದಾಗಿರುತ್ತದೆ. ಇದನ್ನು ಮನೆಯಲ್ಲಿ ಪ್ರಯೋಗಿಸಿಯೂ ನೋಡಿದ್ದೇನೆ. ಮಗ ಆಫೀಸಿನಲ್ಲಿ ತಡವಾಯಿತು ಎಂದು ಬಂದ ಒಂದು ದಿನ, ಟ್ರೇನಿನಲ್ಲಿ ಸೀಟು ಸಿಕ್ಕಿತೇ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳುತ್ತಾ ಹೋಗಿ, ಅವನು ನಡುವೆ ಥಾಣೆ ಸ್ಟೇಷನ್ನಿನಲ್ಲಿ ಇಳಿದು ಗೆಳೆಯರ ಜೊತೆ ಪಿಚ್ಚರ್ ನೋಡಿದ್ದನ್ನು ಅವನ ಬಾಯಿಂದಲೇ ಹೊರಡಿಸಿದ್ದೆ. ನನ್ನ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂಬ ಜಂಬ ನನಗೆ ಬಂದದ್ದು ಹೀಗೆ.

ಆಗ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿ, ಕಪ್ಪು ಕನ್ನಡಕ ಹಾಕಿಸಿ, ಸದ್ಯಕ್ಕೆ ಓದಬೇಡಿ ಎಂದರು ಡಾಕ್ಟರು. ಸಾಹೇಬರ ಹೊಸ ಕಾದಂಬರಿ ಲೈಬ್ರರಿಗೆ ಬಂದದ್ದೂ ಸರಿಯಾಗಿ ಆಗಲೇ. ಮಗನಿಗೆ ಕನ್ನಡ ಓದಲು ಬಾರದು, ಮಾತೇ ಅರ್ಧ ಮರಾಠಿ. ಮೊಮ್ಮಗಳು ಆಗ ಬಾಲವಾಡಿ, ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. ಉಳಿದವಳು ಸೊಸೆ ಸುಜಾತಾ. ಧಾರವಾಡದ ಹುಡುಗಿ, ಬಿಕಾಂ, ಕನ್ನಡವನ್ನು ನೀರು ಕುಡಿದ ಹಾಗೆ ಓದುತ್ತಾಳೆ. ಆದರೆ ಆಗ ನನಗೂ ಅವಳಿಗೂ ಮಾತೆಂದರೆ ಸಾರಿಗೆ ಉಪ್ಪು ಸಾಕೇ ಎನ್ನುವಷ್ಟು ಮಾತ್ರ. ಮಹಾಪೆಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ತಿಂಗಳ ಕೊನೆಯೊಳಗೆ ಬರುತ್ತೇನೆಂದೋ ಇಲ್ಲವೆಂದೋ ಹೇಳಬೇಕಿತ್ತು. ಮಗ, ಅಮ್ಮ ಒಪ್ಪಿದರೆ ಆಯಿತು ಎಂದು ಜಾರಿಕೊಂಡ. ಗಂಡಸರು ಮಾಡುವುದೇ ಅದು. ಮಗುವನ್ನು ಶಾಲೆ ಬಸ್ಸಿನಿಂದ ಇಳಿಸಿಕೊಳ್ಳುವುದು ಯಾರು, ನನ್ನ ಸೊಂಟ ನೋಡಿಕೊಳ್ಳುವುದು ಯಾರು ಎಂದು ಕೇಳಿ, ನೀನು ಹೋದರೆ ಈ ಮನೆ ನಡೆಯುವುದಿಲ್ಲ ಎಂದು ಮುಗಿಸಿಬಿಟ್ಟಿದ್ದೆ.

ಓದಿ ಹೇಳು ಎಂದು ಕೇಳಲು ನನಗೆ ನಾಚಿಕೆಯಾಗಲಿಲ್ಲ, ಹಟವೇ ಬೇರೆ ಕಥೆಯೇ ಬೇರೆ. ಅವಳೂ ಇಲ್ಲವೆನ್ನಲಿಲ್ಲ. ದಿನಾ ಊಟವಾಗಿ ಮಗು ಮಲಗಿದ ಮೇಲೆ ನನ್ನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಓದುತ್ತಿದ್ದಳು. ಕಥೆ ಮಂಗಳೂರಿನದು. ದೊಡ್ಡ ಮನೆಯ ಯಜಮಾನ ಕಷಾಯ ಕುಡಿದು ಸತ್ತಿದ್ದಾನೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆಯ ಮೇಲೆ ಆರೋಪ. ಒಂದು ಮಧ್ಯಾಹ್ನ ವಕೀಲ ಆ ಮನೆಯ ಅತ್ತೆಯನ್ನು ಕಟಕಟೆಗೆ ಹತ್ತಿಸಿದ. ಸೊಸೆ ಹೆರಿಗೆಗೆಂದು ತವರಿಗೆ ಹೋದಾಗ ಅಡುಗೆ ಯಾರು ಮಾಡಿದರು ಎಂದು ಕೇಳಿದ. ನಾನೇ ಎಂದಳು ಅತ್ತೆ. ಯಾರಾದರೂ ಹಸಿದು ಮಲಗಿದ್ದುಂಟೇ ಎಂದ. ನಾನಿರುವ ಮನೆಯಲ್ಲಿ ಯಾಕೆ ಹಸಿಯಬೇಕು ಎಂದು ಆಕೆ ಸಿಟ್ಟಾದಳು. ವಕೀಲ ತಣ್ಣಗೆ ಕೇಳಿದ: "ಆಗ ನಡೆದ ಮನಿ, ಆಕಿ ಕೆಲಸಕ್ಕ ಹೋದ್ರ ಹ್ಯಾಂಗ್ರೀ ನಿಲ್ಲತದ?"

 ಮಂಚದ ಮೇಲೆ ಆ ಅತ್ತೆಯ ಪರವಾಗಿ ನಾನೇ ಉತ್ತರ ಹುಡುಕತೊಡಗಿದೆ. ನಿಲ್ಲುವುದಿಲ್ಲ ಎಂದರೆ ನಾನು ಆಡಿದ ಮಾತೇ ಸುಳ್ಳು, ನಿಲ್ಲುತ್ತದೆ ಎಂದರೆ ನನ್ನ ಕೈಯ ಅಡುಗೆಗೇ ಅವಮಾನ. ಸಾಹೇಬರ ತಲೆಯೇ ತಲೆ ಎಂದುಕೊಂಡೆ. ಮಂಗಳೂರಿನ ವಕೀಲ ಆ ಒಂದು ದಿನ ಮಾತ್ರ ಧಾರವಾಡದ ಮಾತು ಯಾಕೆ ಆಡಿದ ಎಂದು ನನಗೆ ಹೊಳೆಯಲಿಲ್ಲ. ಓದುವವಳ ನಾಲಿಗೆ, ಜಾರಿರಬೇಕು ಎಂದು ಬಿಟ್ಟೆ. ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತಾ, ಕೆಲಸಕ್ಕೆ ಹೂಂ ಎಂದು ಹೇಳಿಬಿಡು ಎಂದೆ. ಅವಳು ಕಾವಲಿಯ ಮೇಲಿದ್ದ ದೋಸೆಯನ್ನು ಕರಕಲು ಮಾಡಿದಳು. ಕಡೆಗೆ ಕೊಂದವನು ಆ ಸೊಸೆಯ ಮೈದುನ ಎಂದಾಯಿತು, ಪುಸ್ತಕ ಲೈಬ್ರರಿಗೆ ಹೋಯಿತು, ಸುಜಾತಾ ಕಂಪನಿ ಬಸ್ಸು ಹತ್ತಿದಳು. ಮನೆಯೇನೂ ನಿಂತುಹೋಗಲಿಲ್ಲ. ಸೊಂಟ ನೋಯುತ್ತಿತ್ತು, ಅದು ಮೊದಲೂ ನೋಯುತ್ತಿತ್ತು.

ಮುಂದಿನ ವರ್ಷ ಸಂಘದವರು ಸಾಹೇಬರನ್ನೇ ಡೊಂಬಿವ್ಲಿಗೆ ಕರೆಸಿದರು. ಸುಜಾತಾಳನ್ನು ಎಳೆದುಕೊಂಡು ಹೋಗಿ ಎದುರಿನ ಸಾಲಿನಲ್ಲಿ ಕೂತೆ. ಶಾಲು ಹಾರ ಎಲ್ಲ ಮುಗಿದು, ಓದುಗರು ಮಾತಾಡಬಹುದು ಎಂದದ್ದೇ ನಾನು ಎದ್ದು ನಿಂತು, ಅತ್ತೆಗೆ ಹಾಕಿದ ಆ ಸವಾಲಿನಿಂದ ನಮ್ಮ ಮನೆಯ ಒಂದು ಕೇಸು ಇತ್ಯರ್ಥವಾಯಿತು ಎಂದು ಹೊಗಳಿದೆ. ಸಾಹೇಬರು ಸಣಕಲು ಮನುಷ್ಯ, ಮೆತ್ತಗಿನ ದನಿ. ಎಲ್ಲ ಕೇಳಿಸಿಕೊಂಡು, "ಅಮ್ಮ, ಚೆನ್ನಾಗಿದೆ, ಆದರೆ ಅದು ನಾನು ಬರೆದದ್ದಲ್ಲ" ಎಂದರು.

"ನೀವೇ ಬರೆದದ್ದು," ಎಂದೆ. "ನಿಮಗೆ ಮರೆತಿದೆ. ಪ್ರಾಯವಾದ ಮೇಲೆ ಹಾಗೆಯೇ, ನಾನೂ ಗ್ಯಾಸ್ ಆರಿಸಲು ಮರೆಯುತ್ತೇನೆ."

ಸಭೆ ನಕ್ಕಿತು, ಸಾಹೇಬರೂ ನಕ್ಕರು. ನಗದವಳು ಒಬ್ಬಳೇ, ನನ್ನ ಸೆರಗು ಹಿಡಿದು ಕೆಳಗೆ ಎಳೆಯುತ್ತಿದ್ದಳು.

ರಿಕ್ಷಾದಲ್ಲಿ ಬಾಯಿ ಬಿಟ್ಟಳು. "ಅತ್ತಿ, ಆ ಪುಸ್ತಕದಾಗ ಕೊಂದಾಕಿ ಅತ್ತೀನ ರೀ. ನಾ ಮುಂದಿಂದು ಓದಿ ನೋಡಿದ್ದೆ. ನೀವು ದಿನಾ, ಆಕಿ ಥೇಟ್ ನನ್ನ ಹಾಂಗ, ಬಾಯಿ ಜೋರು ಮನಸ್ಸು ಚೊಕ್ಕ ಅಂತಿದ್ರಿ. ನಿಮ್ಮ ಮುಂದ ಹ್ಯಾಂಗ ಓದಲಿ? ಅದಕ್ಕ ಮೈದುನನ ಮ್ಯಾಲೆ ಹಾಕಿದೆ."

ಮತ್ತೆ ಆ ಸವಾಲು ಎಲ್ಲಿಂದ ಬಂತು ಎಂದು ಕೇಳಿದೆ.

"ಹೆಂಗೂ ಸುಳ್ಳು ಓದಾಕ ಕುಂತಿದ್ದೆ. ನಂದೂ ಒಂದು ಕೇಸ್ ಇತ್ತಲ್ರೀ."

 ಸುಳ್ಳು ಸಾಕ್ಷಿಯಿಂದ ಬಂದ ತೀರ್ಪು ನಿಲ್ಲುವುದಿಲ್ಲ ಎಂದು ಸಾಹೇಬರ ಪುಸ್ತಕಗಳಲ್ಲೇ ಓದಿದ್ದೇನೆ. ಮರುದಿನ ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತೇ ಇದ್ದಳು. ಹೋಗಲೋ ಬೇಡವೋ ಎಂದು ಕೇಳಿದಳು. ಕಂಪನಿ ಬಸ್ಸು ನಿನ್ನ ಮಾವನದ್ದಲ್ಲ, ಕಾಯುವುದಿಲ್ಲ, ಹೊರಡು ಎಂದೆ. ಆ ಪ್ರಶ್ನೆ ಯಾರು ಕೇಳಿದರೇನು, ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ಲೈಬ್ರರಿಯಿಂದ ಅದೇ ಪುಸ್ತಕ ತರಿಸಿ, ನನ್ನದೇ ಕಣ್ಣಿನಿಂದ, ಮೊದಲಿನಿಂದ ಕಡೆಯವರೆಗೆ ಓದಿದೆ. ವಕೀಲ ಕೇಳಿದ್ದು ಒಂದು ಮಾತು, ಆ ಅತ್ತೆ ಹೇಳಿದ್ದು ಹತ್ತು, ಅದರಲ್ಲೇ ಸಿಕ್ಕಿಬಿದ್ದಳು. ಸಾಹೇಬರ ಮೇಲೆ ನನಗೆ ಈಗಲೂ ಅಭಿಮಾನ ಉಂಟು, ಆದರೆ ಎಷ್ಟು ದೊಡ್ಡವರಾದರೂ ಒಮ್ಮೊಮ್ಮೆ ತಪ್ಪುತ್ತಾರೆ, ಹೆಸರು ಹಾಕದ್ದು ಅದಕ್ಕೇ. ಕೊಂದವನು ಮೈದುನನೇ.